ಹಿಂದಕ್ಕೆ ಬಾಗಿದ ಹ್ಯಾಂಡಲ್

ತೊಂಬತ್ತರ ದಶಕದ ನಡುವಿನಲ್ಲಿ ನಾನು ಚಾಮರಾಜನಗರದಿಂದ ವರ್ಗವಾಗಿ ಗುಂಡ್ಲುಪೇಟೆ ತಾಲ್ಲೂಕಿಗೆ ಬಂದೆ. ಕೆಲಸ ಆರೋಗ್ಯ ಸಹಾಯಕಿಯದು. ನನ್ನ ಪಾಲಿನ ಹಳ್ಳಿಗಳು ಬಂಡೀಪುರದ ಕಾಡಂಚಿನವರೆಗೂ ಇದ್ದವು. ಬಸ್ಸು ಹೋಗದ ಕಡೆಗೆಲ್ಲ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ವರ್ಷದೊಳಗೆ ಎರಡೂ ಮಣಿಕಟ್ಟುಗಳು ಸೋತವು. ಮುಂದಕ್ಕೆ ಬಾಗಿ ದೂರ ತುಳಿದ ದಿನ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಸೂಜಿ ಕೈಗೆತ್ತಿಕೊಳ್ಳಲು ಹೆದರಿಕೆಯಾಗುತ್ತಿತ್ತು.

ಗುಂಡ್ಲುಪೇಟೆಯ ಸೈಕಲ್ ಶಾಪಿನ ಸಾಹೇಬರು ನನ್ನ ಕೈ ನೋಡಿದರು, ಆಮೇಲೆ ಸೈಕಲ್ ನೋಡಿದರು. ಎರಡು ದಿನ ಬಿಟ್ಟು ಒಂದು ಹ್ಯಾಂಡಲ್ ತಯಾರಿಸಿಟ್ಟಿದ್ದರು. ಉದ್ದನೆಯ ಕೊಳವೆ ಮೇಲೆದ್ದು, ಎರಡೂ ತುದಿ ಹಿಂದಕ್ಕೆ, ಹೆಚ್ಚುಕಡಿಮೆ ನನ್ನ ಹೊಟ್ಟೆಯ ತನಕ ಬಾಗಿದ್ದವು.

"ಸಿಸ್ಟರಮ್ಮ, ಕೈಗೆ ಸುಖ ಸಿಗ್ತದೆ. ಮುಂದಿನ ಬ್ರೇಕ್ ಸಿಗಲ್ಲ. ಅದರ ಕಡ್ಡಿ ಇಷ್ಟು ದೂರ ಎಟುಕಲ್ಲ."

"ಎರಡೂ ಬೇಕಂದ್ರೆ?"

"ಎರಡೂ ಬೇಕಂದ್ರೆ ಬಸ್ಸಿಗೆ ಹೋಗಿ."

ಹಾಕಿಸಿಕೊಂಡೆ. ಮೊದಲ ದಿನವೇ ನನಗೆ ಹುಚ್ಚು ಸಂತೋಷ. ಬೆನ್ನು ನೆಟ್ಟಗೆ, ಅಂಗೈಗಳು ಒಂದಕ್ಕೊಂದು ಎದುರಾಗಿ, ಮಣಿಕಟ್ಟಿಗೆ ಭಾರವೇ ಇಲ್ಲ. ಬೇಲಿಗಳ ಆಚೆಗಿನ ಹೊಲಗಳೆಲ್ಲ ಕಾಣುತ್ತಿದ್ದವು. ಕಷ್ಟಗಳು ಒಂದೊಂದಾಗಿ ತಿಳಿದವು. ಎದುರು ಗಾಳಿ ಎದೆಗೇ ಬಡಿಯುತ್ತಿತ್ತು. ಮರಳಿನಲ್ಲಿ ಮುಂದಿನ ಚಕ್ರ ತನ್ನಿಷ್ಟಕ್ಕೆ ಅಲೆಯುತ್ತಿತ್ತು. ತೀರಾ ಒತ್ತಿ ತಿರುಗಿಸಿದರೆ ಹ್ಯಾಂಡಲಿನ ತುದಿ ಮೊಣಕಾಲಿಗೆ ತಗಲುತ್ತಿತ್ತು. ಅಷ್ಟು ಒತ್ತಿ ಯಾರು ತಿರುಗಿಸುತ್ತಾರೆ ಅಂದುಕೊಂಡೆ.

ಪೋಲಿಯೊ ಹನಿ ಹಾಕುವ ಒಂದು ಭಾನುವಾರ ಕಾಡಂಚಿನ ಹಳ್ಳಿಗೆ ಹೊರಟಿದ್ದೆ. ಹಿಂದಿನ ಸಲ ನಾನು ತಲುಪುವಷ್ಟರಲ್ಲಿ ಅಲ್ಲಿಯವರು ಮಕ್ಕಳನ್ನೂ ಕರೆದುಕೊಂಡು ಟ್ರ್ಯಾಕ್ಟರ್ ಹತ್ತಿ ಕೂಲಿಗೆ ಹೋಗಿದ್ದರು. ಆರು ಮಕ್ಕಳಿಗೆ ಹನಿ ತಪ್ಪಿತ್ತು. ಈ ಸಲ ಎಂಟು ಗಂಟೆಗೆ ಮುಂಚೆ ಅಲ್ಲಿರಬೇಕು. ಮಂಜುಗಡ್ಡೆ ತುಂಬಿದ ಲಸಿಕೆ ಡಬ್ಬಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು ಜೋರಾಗಿ ತುಳಿದೆ.

ಹಳ್ಳಿಗೆ ಮುಂಚೆ ರಸ್ತೆ ಒಂದು ಮೋರಿಯತ್ತ ಇಳಿಯುತ್ತದೆ. ಅರ್ಧ ಇಳಿಜಾರು ದಾಟಿದ್ದೆ. ಮೋರಿಯ ಬಳಿ ಆಡುಗಳು ರಸ್ತೆಗೆ ಹತ್ತಿದವು, ಹಿಂದೆಯೇ ಅವನ್ನು ಕಾಯುವ ಅಜ್ಜಿ. ಇದ್ದ ಒಂದು ಬ್ರೇಕ್ ಹಿಡಿದೆ. ವೇಗ ಇಳಿಯಿತು, ಸೈಕಲ್ ನಿಲ್ಲಲಿಲ್ಲ. ಬಲಕ್ಕೆ ಕಲ್ಲಿನ ಚರಂಡಿ, ಎಡಕ್ಕೆ ಉತ್ತ ಹೊಲ. ಎಡಕ್ಕೆ ತಿರುಗಿಸಿದೆ. ತುದಿ ಮೊಣಕಾಲಿಗೆ ಬಡಿದು ಹ್ಯಾಂಡಲ್ ಅಲ್ಲೇ ನಿಂತಿತು. ಅಜ್ಜಿಯ ಕೈಯ ಕೋಲು ಕಾಣುತ್ತಿತ್ತು, ಅದರ ಗಂಟೂ ಕಾಣುತ್ತಿತ್ತು. ಎಡಗಾಲನ್ನು ಪೆಡಲಿನಿಂದ ತೆಗೆದು ಹೊರಕ್ಕೆ ಚಾಚಿದೆ. ಹ್ಯಾಂಡಲ್ ಪೂರ್ತಿ ತಿರುಗಿತು. ಚಕ್ರ ಸಡಿಲ ಮಣ್ಣಿನಲ್ಲಿ ಹೂತುಕೊಂಡಿತು, ನಾನು ಡಬ್ಬಿ ತಬ್ಬಿಕೊಂಡು ಪಕ್ಕಕ್ಕೆ ಬಿದ್ದೆ. ಎಲ್ಲ ಮೂರ್ನಾಲ್ಕು ಉಸಿರಿನಷ್ಟು ಹೊತ್ತು ಇರಬಹುದು.

ಅಜ್ಜಿ ಹೊಲದ ಅಂಚಿಗೆ ಬಂದಳು. "ಏನ್ ನರ್ಸವ್ವ, ನಮ್ಮೊಲ ಉಳಕ್ಕೆ ಸೈಕಲ್ ತಂದ್ಯಾ?"

"ನಿನಗೇನೂ ಆಗಲಿಲ್ಲವಾ ಅಜ್ಜಿ?"

"ನಂಗೇನಾದದು? ಆಡು ಎದ್ರುಕೊಂಡವೆ. ಇಂಥಾ ಕೊಂಬು ಅವೂ ನೋಡಿಲ್ಲ ಕಣವ್ವ."

ನನಗೆ ಚಿಂತೆ ಡಬ್ಬಿಯದು. ಸೀಸೆ ಒಡೆದಿದ್ದರೆ ಹಳ್ಳಿಗೆ ಹೋಗಿ ಫಲವಿಲ್ಲ. ನೋಡೋಣವೆಂದು ಬಿಸಿಲಿನಲ್ಲಿ ಮುಚ್ಚಳ ತೆಗೆದರೆ ತಂಪು ಹೋಗುತ್ತದೆ. ಕಿವಿಗೆ ಹಿಡಿದು ಮೆಲ್ಲಗೆ ಅಲುಗಿಸಿದೆ. ಏನೂ ಗೊತ್ತಾಗಲಿಲ್ಲ. ತೆಗೆಯದೆ ಹೊರಟೆ.

ಹಳ್ಳಿಯಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ನಿಂತಿತ್ತು. ಅಲ್ಲಿನ ಅಂಗನವಾಡಿ ಟೀಚರ್ ಅದರ ಮುಂದೆಯೇ ಎರಡು ಕೈ ಸೊಂಟಕ್ಕಿಟ್ಟು ನಿಂತಿದ್ದಳು.

"ಅಕ್ಕ, ಬೇಗ ಬನ್ನಿ. ಇನ್ನೊಂದ್ ಗಳಿಗೆ ಆಗಿದ್ರೆ ಇವನು ನನ್ ಮೇಲೇ ಓಡಿಸ್ಬುಡ್ತಿದ್ದ."

"ನಿನ್ ಮೇಲೆ ಓಡ್ಸುದ್ರೆ ಟ್ರ್ಯಾಕ್ಟರ್ರೇ ಮುರೀತದೆ ಕಣಮ್ಮಿ," ಎಂದ ಡ್ರೈವರ್. ಟ್ರಾಲಿಯಲ್ಲಿದ್ದ ಹೆಂಗಸರು ನಕ್ಕರು. ಅವನು ಎಂಜಿನ್ ಆರಿಸಿದ.

ಆಲದ ನೆರಳಿನಲ್ಲಿ ಡಬ್ಬಿ ತೆರೆದೆ. ಮಂಜುಗಡ್ಡೆಯ ನಡುವೆ ಎರಡೂ ಸೀಸೆಗಳು ನೆಟ್ಟಗೆ ಕುಳಿತಿದ್ದವು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಟ್ರಾಲಿಯಿಂದ ಇಳಿಸಿದರು. ಹಿಂದಿನ ಸಲ ತಪ್ಪಿದ್ದ ಆರರಲ್ಲಿ ಐವರಿಗೆ ಹನಿ ಹಾಕಿದೆ. ಆರನೆಯದು, ಅಮ್ಮನ ಸೆರಗು ಬಿಡದ ಒಂದು ಹೆಣ್ಣು ಕೂಸು, ಇಳಿಯಲೊಲ್ಲದು. ನಾನೇ ಟ್ರಾಲಿ ಹತ್ತಿದೆ. ಮೊಣಕಾಲು ಊದಿತ್ತು. ಕೈ ಈಗ ನಡುಗತೊಡಗಿತು. ಟೀಚರ್ ನೋಡಿದಳು, ಹಿಂದೆಯೇ ಹತ್ತಿ ನನ್ನ ಮೊಣಕೈಯನ್ನು ಕೆಳಗಿನಿಂದ ಗಟ್ಟಿಯಾಗಿ ಹಿಡಿದಳು.

"ಒಂದು," ಎಂದು ಹನಿ ಎಣಿಸಿದಳು. "ಎರಡು."

ಕೂಸು ನುಂಗಿತು. ತುಟಿ ನೆಕ್ಕಿ ಮತ್ತೆ ಬಾಯಿ ತೆರೆಯಿತು.