ಹುರುಳಿ ಕರಗಿಸುವ ನೀರು

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಯಾವುದೋ ಆಲ್ಕಲೈನ್ ನೀರಿನ ಯಂತ್ರ ತೋರಿಸಿ, "ಈ ನೀರು ಕುಡಿದ್ರೆ ಕ್ಯಾನ್ಸರ್ ಹತ್ರ ಸುಳಿಯಲ್ವಂತೆ ಅಜ್ಜಿ," ಅಂದಳು. ನನಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಸುಸ್ತಾಯಿತು, ಅಷ್ಟೆ. ಆ ನೀರನ್ನು ನಾನು ಅರವತ್ತರ ದಶಕದಲ್ಲೇ ಸೊಂಟದ ಮೇಲೆ ಹೊತ್ತಿದ್ದೇನೆ ತಾಯಿ.

ಆಗ ನಾವಿದ್ದದ್ದು ಮಧುಗಿರಿಯಲ್ಲಿ. ನನ್ನ ಅತ್ತೆ, ಅಂದರೆ ಯಜಮಾನರ ತಾಯಿ, ಹುಳಿಗೆ ಪ್ರಾಣ ಬಿಡುವ ಹೆಂಗಸು. ಹುಣಸೆಹಣ್ಣು ಒಂದು ಚೂರು ಕಡಿಮೆಯಾದರೂ ತಟ್ಟೆ ಸರಿಸಿ, "ಇದೇನ್ ಸಾರೋ, ಕೈ ತೊಳ್ದ ನೀರೋ?" ಅನ್ನುವರು. ಹೊಗೆಸೊಪ್ಪಂತೂ ಎದ್ದಾಗಿನಿಂದ ಮಲಗುವವರೆಗೆ ದವಡೆಯಲ್ಲೇ. ಒಂದು ಬೇಸಿಗೆಯಲ್ಲಿ ಅದೇ ದವಡೆಯೊಳಗೆ ಹುಣ್ಣಾಯಿತು. ಮಾಯಲಿಲ್ಲ. ಆಮೇಲೆ ಕೆನ್ನೆಯಲ್ಲಿ ಗಂಟು ಕೈಗೆ ಸಿಕ್ಕಿತು. ಊರಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕ್ಯಾನ್ಸರ್ ಇರಬಹುದು. ತಡ ಮಾಡದೆ ಬೆಂಗಳೂರಿಗೆ ಕರ್ಕೊಂಡು ಹೋಗಿ. ಈಗಲಾದ್ರೆ ಕೊಯ್ದು ತೆಗೀಬಹುದು," ಎಂದರು.

ನಾನು ಅವತ್ತೇ ಅತ್ತೆಯ ಸೀರೆ ಮಡಚಿ ಚೀಲಕ್ಕೆ ತುಂಬಿದೆ. ಅಷ್ಟರಲ್ಲಿ ಪಾವಗಡದಾಚೆಯ ಹಳ್ಳಿಯಲ್ಲಿದ್ದ ಯಜಮಾನರ ಅಣ್ಣ ಸುದ್ದಿ ಕೇಳಿ ಬಂದರು. ಅವರೂರಿನಲ್ಲಿ ಒಂದು ಚೌಳು ನೀರಿನ ಬಾವಿ; ಮೊಮ್ಮಗಳ ಆಲ್ಕಲೈನ್ ಅಂದರೂ ಈ ಚೌಳೇ. ಆ ನೀರಿಗೆ ಬಟ್ಟೆ ಸೋಪಿಲ್ಲದೆ ಬೆಳ್ಳಗಾಗುತ್ತದೆ, ಹುರುಳಿಕಾಳು ಹಾಕಿದರೆ ಎರಡು ಕುದಿಗೆ ಬೆಂದು ಹಿಟ್ಟಾಗುತ್ತದೆ.

"ಕಲ್ಲಿನಂತಾ ಹುರುಳೀನೇ ಕರಗಿಸ್ತದೆ, ಈ ಗಂಟು ಯಾವ ಲೆಕ್ಕ? ಏಮೀ ಕಾದು ಬುಡಮ್ಮ, ಏನೂ ಆಗಾಕಿಲ್ಲ," ಎಂದರು ತಾಯಿಗೆ. ಹುಳಿ ಮಾತ್ರ ಮುಟ್ಟಬಾರದಂತೆ. ಹುಳಿ ಬಿದ್ದರೆ ಚೌಳಿನ ಶಕ್ತಿ ಸತ್ತುಹೋಗುತ್ತದಂತೆ.

"ಕುಯ್ಸೋದು ಎಲ್ಲೋಗ್ತದೆ, ಮೊದ್ಲು ಇದ್ನ ನೋಡಾನ," ಅಂದರು ನಮ್ಮ ಯಜಮಾನರು.

"ಡಾಕ್ಟ್ರು ತಡ ಮಾಡ್ಬೇಡಿ ಅಂದವ್ರಲ್ರೀ!"

"ಸುಮ್ಕಿರೇ, ನಿಂಗೇನ್ ಗೊತ್ತು."

ಅತ್ತೆಗೂ ಕತ್ತಿ ಅಂದರೆ ಜೀವ ಹೋಗುವಷ್ಟು ಭಯ. ಚೀಲದ ಸೀರೆ ಮತ್ತೆ ಪೆಟ್ಟಿಗೆ ಸೇರಿತು.

ಆಮೇಲೆ ಶುರುವಾಯಿತು ನೋಡಿ ನನ್ನ ಪಾಡು. ಭಾವ ನೀರನ್ನು ಸೀಮೆಎಣ್ಣೆ ಡಬ್ಬದಲ್ಲಿ ತುಂಬಿ ಪಾವಗಡದ ಬಸ್ಸಿಗೆ ಹಾಕುವರು, ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳಬೇಕು. ಡಬ್ಬವನ್ನು ಎಷ್ಟು ತೊಳೆದರೂ ವಾಸನೆ ಹೋಗದು. ದಾರಿಯಲ್ಲಿ ಹೆಂಗಸರು ನಿಲ್ಲಿಸಿ, ಮಂಡಿನೋವಿಗೊಂದು ಲೋಟ, ಹೊಟ್ಟೆಉರಿಗೊಂದು ಲೋಟ ಎಂದು ಕೇಳುವರು. ಕೊಡದಿದ್ದರೆ ಜಿಪುಣಿ ಎನ್ನುವ ಹೆಸರು. ಮನೆಯಲ್ಲಿ ಅತ್ತೆ ಆ ಸಪ್ಪೆ, ಜಾರು ನೀರನ್ನು ಕಣ್ಣು ಮುಚ್ಚಿ ನುಂಗುವರು. ಹುಳಿಯಿಲ್ಲದ ಸಾರು ಕಲಸಿಕೊಂಡು ಕೂತು, "ಒಂದ್ ಎಳೆ ಹುಣಸೆಹಣ್ಣು ಕಿವುಚೇ, ಯಾರ್ಗೂ ಹೇಳಾಕಿಲ್ಲ," ಎಂದು ಗೋಗರೆಯುವರು. ನನಗೆ ನಂಬಿಕೆ ಇರಲಿಲ್ಲ. ಆದರೂ ಹಾಕಲಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿ ಅಂತಾರಲ್ಲ, ಆ ಕಡ್ಡಿಯನ್ನು ನಾನೇ ಯಾಕೆ ಮುರಿಯಲಿ?

ಚಳಿಗಾಲ ಬರುವಷ್ಟರಲ್ಲಿ ಗಂಟು ನಿಂಬೆಹಣ್ಣಿನಷ್ಟಾಯಿತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಯಿತು. "ನೀವು ಬಂದ್ರೆ ಬನ್ನಿ, ಬಿಟ್ರೆ ಬಿಡಿ, ನಾನಂತೂ ಕರ್ಕೊಂಡ್ ಹೋಯ್ತೀನಿ," ಎಂದು ಯಜಮಾನರ ಮುಂದೆ ನಿಂತು ಹೇಳಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು.

ಬೆಂಗಳೂರಿನ ಡಾಕ್ಟರು ವಯಸ್ಸಾದವರು. ನೀರಿನ ಕತೆಯನ್ನು ಪೂರ್ತಿ ಕೇಳಿದರು, ಬೈಯಲಿಲ್ಲ.

"ಹೊಟ್ಟೆಯೊಳಗೇ ಹುಳಿ ಇರುತ್ತಮ್ಮ. ಎಂಥಾ ಚೌಳು ನೀರು ಹೋದ್ರೂ ಅಲ್ಲೇ ಮುರಿದುಹೋಗುತ್ತೆ. ನೀರು ಕುಡಿದು ರಕ್ತದ ಗುಣ ಬದಲಾಗಲ್ಲ. ಗಂಟಿಗೆ ಅದರಿಂದ ಏನೂ ಆಗಲ್ಲ. ಮೊದಲೇ ಬಂದಿದ್ರೆ ಕೊಯ್ದು ನೋಡಬಹುದಿತ್ತು. ಈಗ ಕೈ ಮೀರಿದೆ."

ಯಜಮಾನರು ಗೋಡೆ ಕಡೆ ತಿರುಗಿ ಅತ್ತರು. ಅತ್ತೆ ಮಾತ್ರ ಅರ್ಧ ಬಾಯಲ್ಲೇ ಕೇಳಿದರು, "ಅಂಗಾರೆ ಹುಳಿ ತಿನ್ನಬೋದಾ, ಸಾಮಿ?"

ಡಾಕ್ಟರು, "ಏನು ಇಷ್ಟವೋ ಅದು ತಿನ್ನಿ ತಾಯಿ," ಎಂದರು.

ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಭಾವನ ಹೊಸ ಡಬ್ಬ ನಮಗಾಗಿ ಕಾದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ, ಅದನ್ನೂ ಹೊತ್ತು ತಂದೆ. ಅದೇ ನೀರಿಗೆ ಹುರುಳಿ ಹಾಕಿ ಬೇಯಿಸಿದೆ. ಸೀಮೆಎಣ್ಣೆ ವಾಸನೆ ಅಡಗಲೆಂದು ಬೆಳ್ಳುಳ್ಳಿ ಜಾಸ್ತಿ ಜಜ್ಜಿದೆ, ಹುಣಸೆಹಣ್ಣು ಕೈತುಂಬ ಕಿವುಚಿದೆ. ಚಮಚದಲ್ಲಿ ಒಂದೊಂದೇ ತೊಟ್ಟು ಬಾಯಿಗೆ ಬಿಟ್ಟೆ. ಹುಣ್ಣಿಗೆ ತಾಗಿ ಅತ್ತೆಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ಉರೀತದಾ ಅತ್ತೆ? ಸಾಕು ಮಾಡ್ಲಾ?"

"ಉರೀಲಿ ಬುಡು, ಹಾಕು."

ಬಟ್ಟಲಿನ ತಳದವರೆಗೂ ಕುಡಿದರು. ಒಂದೂ ಕಾಳು ನಾಲಿಗೆಗೆ ಸಿಗಲಿಲ್ಲ, ಅಷ್ಟು ಬೆಂದಿತ್ತು. ಆಮೇಲೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು.

"ಕಾಳೇನೋ ಕರಗೈತೆ ಕಣಮ್ಮ," ಅಂದರು.