ಮಾದೇವಿ ಮಿಸ್ಸಿನ ಭಾನುವಾರದ ಬಾವಿ

ನಮ್ಮ ರಂಗಸ್ವಾಮಿಯ ತಲೆ ಈಗ ಪೂರ್ತಿ ಬೋಳು. ಆದರೆ ಡಿಗ್ರಿ ಓದುವ ಕಾಲಕ್ಕೆ ಅವನಿಗೆ ಭುಜ ಮುಟ್ಟುವಷ್ಟು ಕೂದಲಿತ್ತು. ಕತ್ತರಿಸು, ಕತ್ತರಿಸು ಎಂದು ಪ್ರಿನ್ಸಿಪಾಲರು ಬೈಯುತ್ತಲೇ ಇದ್ದರು. ಅವರ ಮಾತು ಕೇಳಿದ್ದರೆ ರಂಗಸ್ವಾಮಿ ಈ ಹೊತ್ತು ಬದುಕಿರುತ್ತಿರಲಿಲ್ಲ.

ತಮಾಷೆ ಅಲ್ಲ, ಕೇಳಿ.

ಕೊಳ್ಳೇಗಾಲದ ಕಾಲೇಜಿನಿಂದ ನಮ್ಮನ್ನು ಯಳಂದೂರಿನ ಕಡೆಯ ಒಂದು ಹಳ್ಳಿಗೆ ಕ್ಯಾಂಪಿಗೆಂದು ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಚರಂಡಿ ಕ್ಲೀನಿಂಗು, ಸಂಜೆ ಭಾಷಣ. ಊರ ಮುಂದೆ ತುಂಬಿದ ಕೆರೆ. ಹುಡುಗಿಯರು ದಡದಲ್ಲಿ ಬಟ್ಟೆ ಒಗೆಯುತ್ತಿದ್ದಾರೆ ಅಂದಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ರಂಗಸ್ವಾಮಿ (ಯಳಂದೂರಿನವನು, ಹಾಗಾಗಿ ಕೆರೆ ತನ್ನದೇ ಎಂಬ ಗತ್ತು) ಅಂಗಿ ಬಿಚ್ಚಿ ಏರಿಯ ಮೇಲಿಂದ ಹಾರಿದ. ಚೆನ್ನಾಗಿಯೇ ಈಜಿದ. ನಡುನೀರಿಗೆ ಹೋಗಿ ಕೈ ಎತ್ತಿ ಬೀಸಿದ. ನಾವು ಚಪ್ಪಾಳೆ ತಟ್ಟಿದೆವು. ಮತ್ತೆ ಬೀಸಿದ. ಇನ್ನೂ ಜೋರಾಗಿ ತಟ್ಟಿದೆವು.

"ಅಯ್ಯೋ, ಮುಳುಗ್ತಾವ್ನೆ ಕಣ್ರೇ ಅವ್ನು!"

ಹಾಗಂದವಳು ಮಾದೇವಿ ಒಬ್ಬಳೇ. ಅಂದವಳೇ ಲಂಗ ದಾವಣಿಯಲ್ಲೇ ನೀರಿಗೆ ಬಿದ್ದಳು. ಕಾಲು ಸೆಟೆದು ಒದ್ದಾಡುತ್ತಿದ್ದವನ ಕೂದಲಿಗೆ ಕೈ ಹಾಕಿ, ದಡದವರೆಗೂ ಎಳೆದು ತಂದಳು. ಕೆಸರಿನಲ್ಲಿ ಬಿದ್ದು ನೀರು ಕಕ್ಕುತ್ತಿದ್ದವನಿಗೆ ಅವಳು ಹೇಳಿದ ಮೊದಲ ಮಾತು ನಮಗೆಲ್ಲ ಇವತ್ತಿಗೂ ನೆನಪಿದೆ.

"ಕಟಿಂಗ್ ಮಾಡ್ಸ್ಕಬ್ಯಾಡ ಕಣ್ಲಾ ರಂಗ. ಇನ್ನೂ ಬೇಕಾಯ್ತದೆ."

ಆ ಮಾದೇವಿ ಹೋದ ತಿಂಗಳು ತೀರಿಕೊಂಡಳು.

ಎದೆ ನೋಯ್ತದೆ ಅಂದಳಂತೆ. ತಾನೇ ನಡೆದುಬಂದು ಕಾರು ಹತ್ತಿದಳಂತೆ. ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ನಮ್ಮ ಬ್ಯಾಚಿನ ವಾಟ್ಸಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಆ ಸುದ್ದಿ ಬಂತು. ಅದರ ಕೆಳಗೆ ನೋಡದೆ ಹಾಕಿದವರ ಇನ್ನೂ ಎರಡು ಹೂವು. ಅಷ್ಟರಲ್ಲಿ ರಂಗಸ್ವಾಮಿಯ ಫೋನು. "ಸುಮಿ" ಅಂದ. ಆ ಕಡೆ ಅವನು ಅತ್ತ, ಈ ಕಡೆ ನಾನು ಅತ್ತೆ. ಅಂಥ ಫೋನ್ ಕಾಲಿಗೆ ಮಾತು ಯಾಕೆ ಬೇಕು?

ಮಾದೇವಿ ಮುಳ್ಳೂರಿನವಳು. ಹೊಳೆ ದಂಡೆಯ ಊರು. ನೆರೆ ಬಂದ ವರ್ಷ ಅಲ್ಲಿ ಹೊಳೆಯೇ ಬೀದಿಗೆ ಬರುತ್ತದೆ. ಹಾಗಾಗಿ ಅವಳ ಅಪ್ಪ ಗಂಡು, ಹೆಣ್ಣು ಎಂದು ನೋಡದೆ ಎಲ್ಲ ಮಕ್ಕಳನ್ನೂ ನೀರಿಗೆ ಹಾಕಿ ಈಜು ಕಲಿಸಿದ್ದರು. ಮದುವೆಯಾಗಿ ಹೋದದ್ದು ಮಾತ್ರ ಹನೂರಿನಿಂದ ಆಚೆ, ಕಾಡಂಚಿನ ಒಣ ಹಳ್ಳಿಗೆ. ಗಂಡ ನಂಜುಂಡ ರಾಗಿ, ಜೋಳ ಬೆಳೆಯುವ ರೈತ. ಅವನಿಗೆ ನೀರು ಅಂದರೆ ಮೊಳಕಾಲಿನವರೆಗೆ ಮಾತ್ರ ಧೈರ್ಯ. ಇವಳು ಅಲ್ಲೇ ಹೈಸ್ಕೂಲಿನಲ್ಲಿ ಟೀಚರಾದಳು. ಮಾದೇವಿ ಮಿಸ್ಸು.

ಒಂದು ಬೇಸಿಗೆ ರಜೆಯಲ್ಲಿ ಅವಳ ಶಾಲೆಯ ಇಬ್ಬರು ಹುಡುಗಿಯರು ಯಾರದೋ ಹೊಲದ ಕೃಷಿ ಹೊಂಡಕ್ಕೆ ಕಾಲು ತೊಳೆಯಲು ಇಳಿದರು. ಆ ಹೊಂಡಗಳಿಗೆ ಪ್ಲಾಸ್ಟಿಕ್ ಹಾಸಿರುತ್ತಾರಲ್ಲ, ಒಮ್ಮೆ ಜಾರಿದರೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇರುವುದಿಲ್ಲ. ಒಬ್ಬಳು ಜಾರಿದಳು. ಇನ್ನೊಬ್ಬಳು ಕೈ ಕೊಡಲು ಹೋದಳು. ಇಬ್ಬರೂ ಉಳಿಯಲಿಲ್ಲ.

ಆಗ ಮಾದೇವಿಯನ್ನು ನೋಡಲು ಹೋಗಿದ್ದೆ. ಅವಳು ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು. "ಹೊಳೆ ಇರೋ ಊರೋರು ಈಜು ಕಲೀತಾರೆ ಸುಮಿ. ಇಲ್ಲಿ ನೀರೇ ಇಲ್ಲ ಅಂತ ಯಾರೂ ಕಲೀನಿಲ್ಲ. ನೀರಿಲ್ದಿರೋ ಊರಲ್ಲಿ ಮಕ್ಳು ನೀರಲ್ಲಿ ಸಾಯ್ತಾವಲ್ಲೇ!"

ಮನೆಯ ತೋಟದಲ್ಲಿ ಹಳೇ ಮೆಟ್ಟಿಲ ಬಾವಿಯಿತ್ತು. ಬೋರಿನ ನೀರು ಬಿಟ್ಟು ತುಂಬಿಸಿಕೊಳ್ಳುವ ದೊಡ್ಡ ಬಾವಿ. ಮುಂದಿನ ಭಾನುವಾರದಿಂದಲೇ ಶುರು ಮಾಡಿದಳು. ಖಾಲಿ ಎಣ್ಣೆ ಕ್ಯಾನುಗಳನ್ನು ಹುಡುಗಿಯರ ಸೊಂಟಕ್ಕೆ ಕಟ್ಟುವುದು, ಕ್ಯಾನಿಗೊಂದು ಹಗ್ಗ, ಹಗ್ಗದ ತುದಿ ಮೆಟ್ಟಿಲ ಮೇಲೆ ಇನ್ನೊಬ್ಬಳ ಕೈಯಲ್ಲಿ. ಮಾದೇವಿ ಚೂಡಿದಾರ್ ಹಾಕಿಕೊಂಡು ನೀರಿನೊಳಗೆ.

ಸುಲಭವಾಗಿತ್ತು ಅಂದುಕೊಂಡಿರಾ? ನಮ್ಮ ಕಡೆ ಹೆಂಗಸೊಬ್ಬಳು ಹೇಳದೆ ಕೇಳದೆ ಬಾವಿ ಕಡೆ ಹೋದಳು ಅಂದರೆ ಮನೆಯವರು ಎದೆ ಬಡಿದುಕೊಂಡು ಓಡಿ ಬರುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಊರಿನಲ್ಲೂ ಒಂದು ಬಾವಿಗೆ ಒಬ್ಬ ಸೊಸೆಯ ಹೆಸರು ಅಂಟಿಕೊಂಡಿದೆ. ಅಂಥ ಕಡೆ, ಬಾವಿಯೊಳಗಿಂದ ಹೆಣ್ಣುಮಕ್ಕಳು ನಗುವ ಸದ್ದು ಬರುವಂತೆ ಮಾಡಿದಳು ಈ ಪುಣ್ಯಾತ್ಗಿತ್ತಿ.

ಇನ್ನೊಂದು ತಕರಾರು ಇತ್ತು. ಒದ್ದೆ ಬಟ್ಟೆಯ ಹುಡುಗಿಯರನ್ನು ಗಂಡಸರು ಬಂದು ನೋಡಿದರೆ? ಅದಕ್ಕೂ ದಾರಿ ಹುಡುಕಿದಳು. ತೋಟಕ್ಕೆ ಬರುವ ದಾರಿಯಲ್ಲೊಂದು ಹುಣಿಸೇ ಮರ. ಅದರ ಬುಡದಲ್ಲಿ ನಂಜುಂಡ ಕೂರಬೇಕು. ಬಾವಿಗೆ ಬೆನ್ನು ಮಾಡಿ, ದಾರಿಗೆ ಮುಖ ಮಾಡಿ. ಬಂದ ಗಂಡಸನ್ನೆಲ್ಲ ವಾಪಸ್ ಕಳಿಸಬೇಕು. ಪ್ರತಿ ಭಾನುವಾರ, ಇಷ್ಟೂ ವರ್ಷ, ಆ ಮನುಷ್ಯ ಕೂತ.

ಹನ್ನೊಂದನೇ ದಿನದ ಕಾರ್ಯಕ್ಕೆ ಕೊಳ್ಳೇಗಾಲ, ಯಳಂದೂರು, ಹನೂರಿನಿಂದ ನಮ್ಮ ಬ್ಯಾಚಿನವರು ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು. ಊಟ ಆಯಿತು. ಚಪ್ಪರದ ಕೆಳಗೆ ಕೂತು, ಎಲ್ಲ ಹಳೇ ವಿದ್ಯಾರ್ಥಿಗಳೂ ಮಾಡುವ ಕೆಲಸ ಶುರು ಮಾಡಿದೆವು. ಅವಳ ನೆನಪಿಗೆ ಏನು ಮಾಡುವುದು? ಕಾಲೇಜಿನಲ್ಲೊಂದು ಕಲ್ಲಿನ ಬೆಂಚು ಅಂದ ಒಬ್ಬ. ಇನ್ನೊಬ್ಬಳು ವಾಟರ್ ಫಿಲ್ಟರ್ ಅಂದಳು. ಫಿಲ್ಟರ್ ಮೇಲೆ ಫೋಟೋ ಹಾಕಬಹುದೇ ಎಂಬ ಚರ್ಚೆ ನಡೆಯಿತು. (ಸಾವಿನ ಮನೆಯಲ್ಲಿ ನಾವೆಲ್ಲ ಎಷ್ಟು ಬೇಗ ಕಮಿಟಿಯಾಗಿಬಿಡುತ್ತೇವೆ!)

ನಂಜುಂಡ ಎಲೆ ಅಡಿಕೆ ತಟ್ಟೆ ತಂದಿಟ್ಟ. ತಲೆ ಬೋಳಿಸಿದ್ದ. ರಂಗಸ್ವಾಮಿಯ ಪಕ್ಕದಲ್ಲಿ ಕೂತು ನಮ್ಮ ಮಾತು ಕೇಳಿದ. ಆಮೇಲೆ ಮೆಲ್ಲಗೆ ಅಂದ:

"ಅದೆಲ್ಲ ಆಮೇಕೆ ನೋಡುವ ಬುಡಿ ಸಾ. ಬರೋ ಭಾನ್ವಾರ ಬಾವಿತಕ್ಕೆ ಯಾರಾದ್ರೂ ಬತ್ತೀರಾ? ಅದ್ನೇಳಿ."

ಆಗ ವಿಷಯ ಗೊತ್ತಾಯಿತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿಬಿಡು ಎಂದು ನಂಜುಂಡನ ಅಣ್ಣ ಹಟ ಹಿಡಿದು ಕೂತಿದ್ದಾನೆ. ಅಣ್ಣನೂ ಅಲ್ಲೇ ಇದ್ದ. ಕೆಟ್ಟವನೇನಲ್ಲ. "ಆಯಮ್ಮ ಇದ್ದಾಗ ಆಯಮ್ಮನ ಜವಾಬ್ದಾರಿ. ನಾಳೀಕೆ ಒಂದ್ ಮೊಗ ಎಚ್ಚುಕಮ್ಮಿ ಆದ್ರೆ ಊರೋರು ಯಾರ ಮನೆ ಮುಂದ್ಕೆ ಬತ್ತಾರೆ ಏಳಿ?" ಅಂದ. ತಪ್ಪು ಮಾತೇ?

ಕಲಿಸುವವರು ಇಲ್ಲ ಅಂತಲ್ಲ. ಮಾದೇವಿಯ ಹತ್ತಿರವೇ ಕಲಿತ ಸಿಂಧು ಇದ್ದಾಳೆ. ಈಗ ಕಾಮಗೆರೆಯಲ್ಲಿ ನರ್ಸು. ಮೀನಿನ ಹಾಗೆ ಈಜುತ್ತಾಳೆ. ಆದರೆ ಮಕ್ಕಳ ತಾಯಂದಿರು, ಅವಳಿನ್ನೂ ಚಿಕ್ಕವಳು, ವಯಸ್ಸಾದ ಹೆಂಗಸೊಬ್ಬಳು ನಿಂತರೆ ಮಾತ್ರ ಕಳಿಸುತ್ತೇವೆ ಎನ್ನುತ್ತಿದ್ದಾರೆ.

ವಯಸ್ಸಾದ ಹೆಂಗಸು! ನಮ್ಮ ಗುಂಪಿನಲ್ಲಿ ಆ ಅರ್ಹತೆ ಇದ್ದವರು ಬೇಕಾದಷ್ಟು ಮಂದಿ. ಎಲ್ಲರೂ ತಮ್ಮ ತಮ್ಮ ಸೀರೆ ಅಂಚು ನೋಡಿಕೊಂಡರು. "ನಾನು ಬರ್ತೀನಿ" ಎಂಬ ದನಿ ಕೇಳಿತು. ನನ್ನದೇ.

ಭಾನುವಾರ ಬೆಳಿಗ್ಗೆ ರಂಗಸ್ವಾಮಿಯ ಕಾರಿನಲ್ಲಿ ಹೋದೆ. ಅವನು ನೇರ ಹುಣಿಸೇ ಮರದ ಬುಡಕ್ಕೆ ಹೋಗಿ, ನಂಜುಂಡನ ಪಕ್ಕ, ಬಾವಿಗೆ ಬೆನ್ನು ಮಾಡಿ ಕೂತ. ಬಾವಿ ಹತ್ತಿರ ಸಿಂಧು, ಬೆರಳೆಣಿಕೆಯ ಹುಡುಗಿಯರು, ಮತ್ತು ಅವರಿಗಿಂತ ಹೆಚ್ಚು ತಾಯಂದಿರು. ತಾಯಂದಿರು ಮಕ್ಕಳ ಕೈ ಬಿಟ್ಟಿರಲಿಲ್ಲ. ಅವರಲ್ಲೊಬ್ಬಳು ಚಿಕ್ಕತಾಯಿ. ಗಟ್ಟಿ ಗಂಟಲು, ಗಟ್ಟಿ ಕೈ. ಮಗಳನ್ನು ವಾಪಸ್ ಕರೆದುಕೊಂಡು ಹೋಗಲೆಂದೇ ಬಂದಂತಿದ್ದಳು.

"ನೀವೇನಾ ಮಿಸ್ಸಿನ ಫ್ರೆಂಡು, ಪೇಪರ್ನಲ್ಲಿ ಬರಿಯೋರು?"

"ಹೌದಮ್ಮ."

"ಈಜು ಬತ್ತದಾ ನಿಮ್ಗೆ?"

"ಇಲ್ಲ."

"ಮತ್ತೆ ಮೊಗ ಮುಳುಗ್ದ್ರೆ ಏನ್ ಮಾಡೀರಿ, ಪೇಪರ್ನಲ್ಲಿ ಬರ್ದೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಉತ್ತರ ಬೇಕಿತ್ತು ಆಕೆಗೆ. ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಬಾವಿ ಇವತ್ತು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಿಂಧುಗೆ ಅಂದೆ: "ಕ್ಯಾನ್ ಕಟ್ಟಮ್ಮ ನಂಗೂ."

ಓದುಗರೇ, ನನ್ನ ತೂಕ ಇಲ್ಲಿ ಬರೆಯುವುದಿಲ್ಲ. ಸಿಂಧು ಒಂದು ಕ್ಯಾನ್ ಕಟ್ಟಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾತಾಡದೆ ಇನ್ನೊಂದನ್ನೂ ಕಟ್ಟಿದಳು. ಒಬ್ಬಳ ಬದಲು ಮೂವರು ಹುಡುಗಿಯರು ಹಗ್ಗ ಹಿಡಿದರು. ನೀರು ಸೊಂಟಕ್ಕೆ ಬಂದಾಗ ಉಸಿರು ಸಿಕ್ಕಿಕೊಂಡಿತು. ಎದೆಗೆ ಬಂದಾಗ ವಾಪಸ್ ಹೋಗೋಣ ಅನ್ನಿಸಿತು. ಆಮೇಲೆ ಕಾಲ ಕೆಳಗೆ ಮೆಟ್ಟಿಲೇ ಇಲ್ಲ! ಕಿರುಚಿದೆ. ಬಾವಿಯೂ ನನ್ನ ಜೊತೆ ಕಿರುಚಿತು. "ಮ್ಯಾಮ್, ಮಲಗಿ ಮ್ಯಾಮ್, ಆಕಾಶ ನೋಡಿ, ಏನೂ ಮಾಡಬೇಡಿ" ಎಂದು ಸಿಂಧು ನನ್ನ ತಲೆಯ ಕೆಳಗೆ ಅಂಗೈ ಇಟ್ಟಳು.

ಏನೂ ಮಾಡಬೇಡಿ! ಅಡಿಗೆ, ಆಫೀಸು, ಅಂಕಣ ಎಂದು ಓಡುವ ಹೆಂಗಸಿಗೆ ಯಾರಾದರೂ ಈ ಮಾತು ಹೇಳಿದ್ದಾರೆಯೇ ಇಲ್ಲಿಯವರೆಗೆ? ಮಲಗಿದೆ. ಮೇಲೆ ಬಾವಿಯ ಬಾಯಿಯಷ್ಟು ಆಕಾಶ. ಕಿವಿಯಲ್ಲಿ ನೀರು. ನಾನು ತೇಲುತ್ತಿದ್ದೆ. ಮಾದೇವಿಯ ನೀರಿನಲ್ಲಿ ಮಲಗಿದ್ದೇನೆ ಅನ್ನಿಸಿ, ಅಳು ಬಂತು. ನೀರಿನಲ್ಲಿ ಅಳುವುದರಲ್ಲಿ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ.

ಮೇಲೆ ಚಿಕ್ಕತಾಯಿಯ ದನಿ. "ಇಷ್ಟ್ ದಪ್ಪ ಇರೋರೇ ತೇಲ್ತಾವ್ರೆ. ನಾನ್ ತೇಲಲ್ವಾ?"

ಮಗಳ ಕೈ ಬಿಟ್ಟಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಕ್ಯಾನ್ ಕಟ್ಟಿಕೊಂಡಳು. "ಅವ್ವ, ಬ್ಯಾಡ ಕಣವ್ವ!" ಎಂದು ಮಗಳು ಅಳುದನಿ ತೆಗೆದರೆ, "ಸುಮ್ಕಿರು, ಹಗ್ಗ ಇಡ್ಕ" ಎಂದು ಗದರಿಸಿ ಮೆಟ್ಟಿಲು ಇಳಿದಳು. ಇಷ್ಟು ವರ್ಷ ಮಾದೇವಿ ಹೆಣ್ಣುಮಕ್ಕಳಿಗೆ ಕಲಿಸಿದ್ದಳು. ತಾಯಂದಿರು ಬರಲಿ ಎಂಬ ಆಸೆ ಅವಳಿಗೆ ಬಹಳ ಇತ್ತಂತೆ, ಒಬ್ಬರೂ ಇಳಿದಿರಲಿಲ್ಲವಂತೆ. ಸಿಂಧು ಇದನ್ನು ನನಗೆ ಆಮೇಲೆ ಹೇಳಿದಳು, ಕಣ್ಣು ಒರೆಸಿಕೊಳ್ಳುತ್ತಾ.

ಬಟ್ಟೆ ಬದಲಾಯಿಸಿ ಹುಣಿಸೇ ಮರದ ಹತ್ತಿರ ಹೋದೆ. ಅಣ್ಣನೂ ಅಲ್ಲಿ ಬಂದು ಕೂತಿದ್ದ. ರಂಗಸ್ವಾಮಿ (ಕಂಟ್ರ್ಯಾಕ್ಟರ್ ಬುದ್ಧಿ ಎಲ್ಲಿ ಹೋಗುತ್ತೆ?) ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸುತ್ತಿದ್ದ. ಬಾವಿಯ ಸುತ್ತ ಎದೆಯೆತ್ತರ ಗೋಡೆ, ಅದಕ್ಕೊಂದು ಗೇಟು, ಗೇಟಿಗೆ ಬೀಗ, ಬೀಗದ ಕೈ ಮನೆಯಲ್ಲಿ. ಭಾನುವಾರ ಮಾತ್ರ ತೆರೆಯುವುದು. ಖರ್ಚು ನಮ್ಮ ಬ್ಯಾಚಿನದು. ಅಣ್ಣ ಗೀರನ್ನು ಬಹಳ ಹೊತ್ತು ನೋಡಿದ. "ಅಂಗಾದ್ರೆ ಆಯ್ತು" ಅಂದು ಎದ್ದು ಹೋದ.

ಅವನು ಹೋದ ಮೇಲೆ ನಂಜುಂಡ ಕೇಳಿದ.

"ರಂಗಸಾಮಣ್ಣ, ಅವ್ಳು ಎಂಗೆ ಈಜ್ತಿದ್ಲು? ನಾನ್ ಒಂದ್ಸಲಾನೂ ನೋಡ್ನಿಲ್ಲ."

ನಮಗೆ ಹೊಳೆದೇ ಇರಲಿಲ್ಲ. ಇಷ್ಟೂ ವರ್ಷ ಬೆನ್ನು ಮಾಡಿ ಕೂತವನು, ಹೆಂಡತಿ ಈಜುವುದನ್ನು ನೋಡಿಯೇ ಇಲ್ಲ. ಬೇರೆ ಹೆಣ್ಣುಮಕ್ಕಳು ಇದ್ದಾರೆಂದು ಒಂದು ಸಲವೂ ತಿರುಗಿರಲಿಲ್ಲ.

ರಂಗಸ್ವಾಮಿ ಬೋಳು ತಲೆ ಸವರಿಕೊಂಡ. "ನಾನೆಲ್ಲಿ ನೋಡ್ದೆ ನಂಜುಂಡಣ್ಣ. ನಾನ್ ಮುಳುಗ್ತಾ ಇದ್ದೆ."

ಇಬ್ಬರೂ ನಕ್ಕರು. ನಗುತ್ತಲೇ ನಂಜುಂಡ ಟವಲಿನಿಂದ ಮುಖ ಮುಚ್ಚಿಕೊಂಡ.

ಏರಿಯ ಮೇಲಿಂದ ನೋಡಿದ್ದವಳು ನಾನು. ಹೇಳಿದೆ. "ತಲೆ ನೆಟ್ಟಗಿತ್ತು ನಂಜುಂಡಣ್ಣ. ದಾವಣಿ ಹಿಂದೆ ತೇಲ್ತಾ ಬರ್ತಿತ್ತು. ಅವನು ಅಲ್ಲಿ ಸಾಯ್ತಿದ್ದಾನೆ, ಇವಳಿಗೆ ಗಾಬರಿನೇ ಇಲ್ಲ. ಅಂಗಡಿಗೆ ಹೋಗಿ ಸಕ್ಕರೆ ತರೋಳ ಹಾಗೆ ಹೋದಳು, ಅವನನ್ನ ತಂದಳು."

ಟವಲಿನೊಳಗಿಂದ ನಂಜುಂಡ ಅಂದ: "ನಡೆಯದೂ ಅಂಗೇ ಕಣಕ್ಕ ಅವ್ಳು."

ನಾವು ಕಾರು ಹತ್ತುವಾಗ ಚಿಕ್ಕತಾಯಿ ಒದ್ದೆ ತಲೆಯಲ್ಲೇ ಬಂದು ಕಿಟಕಿಗೆ ಬಗ್ಗಿದಳು. "ಅಕ್ಕ, ಬರೋ ಭಾನ್ವಾರ ನಮ್ಮತ್ತೇನೂ ಕರ್ಕಬರ್ಲಾ? ನಾನೂ ಬತ್ತೀನಿ ಅಂತ ಆಗ್ಲೇ ಸುರು ಮಾಡವ್ರೆ ಮುದುಕಿ. ಬ್ಯಾಡ ಅಂದೀರಾ?"

ಬೇಡ ಅನ್ನಲು ಬಾಯಿ ತೆರೆದೆ. ಮಾದೇವಿ ಇದ್ದಿದ್ದರೆ ಬೇಡ ಅನ್ನುತ್ತಿದ್ದಳೇ?