ತಕ್ಕದ್ದು ಮತ್ತು ಬಹುದು

ಮನೆಯವರ ಬಾಯಲ್ಲಿ ಅವಳು ಕರೆಂಟಮ್ಮ. ವಿದ್ಯುತ್ತಿನ ರಾಜಕೀಯ, ಹವಾಮಾನದ ಆಡಳಿತ ಅಂತ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಓದಿ, ಓದಿಸಿ ಕಣ್ಣು ಕೆಡಿಸಿಕೊಂಡವಳು. ಆದರೂ ದೀಪ ಆರಿದಾಗಲೆಲ್ಲ ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು: "ಅಷ್ಟು ಓದಿದೀಯಲ್ಲೇ, ಆ ಫ್ಯೂಸ್ ಒಂದು ಹಾಕು ಬಾರೆ!"

"ನಾನು ಓದೋದು ಫ್ಯೂಸ್ ಅಲ್ಲ ಕಣೆ ಅಕ್ಕಾ. ಕಲ್ಲಿದ್ದಲು ಯಾರು ಉರಿಸ್ತಾರೆ, ಯಾರು ನಿಲ್ಲಿಸ್ಬೇಕು ಅಂತ."

"ಗೊತ್ತಾಯ್ತಾ?"

"ಉರಿಸೋರು ಗೊತ್ತಾದ್ರು."

ಅವಳ ಸಿಟ್ಟೆಲ್ಲ ಒಂದು ಪದದ ಮೇಲೆ. ಸರ್ಕಾರಿ ಬರವಣಿಗೆಯಲ್ಲಿ 'ಮಾಡತಕ್ಕದ್ದು' ಅಂದರೆ ಮಾಡಲೇಬೇಕು. 'ಮಾಡಬಹುದು' ಅಂದರೆ ಕೈ ತೊಳೆದುಕೊಂಡ ಹಾಗೆ. ಅವಳು ಏಳು ಸಮಿತಿಗಳಲ್ಲಿ ಕೂತು ಎದ್ದವಳು. ಏಳರಲ್ಲೂ ಅವಳ 'ತಕ್ಕದ್ದು' ಅಚ್ಚಾಗುವ ಹೊತ್ತಿಗೆ 'ಬಹುದು' ಆಗಿತ್ತು.

ಎಂಟನೆಯದೇ ಕೊನೆಯದು, ಆ ತಿಂಗಳು ಅವಳ ನಿವೃತ್ತಿ. ಊರಂಚಿನ ಹಳೆಯ ವಿದ್ಯುತ್ ಸ್ಥಾವರವನ್ನು ಹತ್ತು ವರ್ಷದೊಳಗೆ ಮುಚ್ಚತಕ್ಕದ್ದು ಎಂದು ಬರೆದಿದ್ದಳು. ಅದರ ಬೂದಿ ಅಕ್ಕ ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತಿತ್ತು. ಈ ಒಂದು ಸಾಲಾದರೂ ಉಳಿಯಲಿ ಎಂಬುದೇ ಅವಳ ಹಟ.

ಸಹಿ ಹಾಕುವ ದಿನ ಮೂವತ್ತನೇ ತಾರೀಕು. ಕಿಟಕಿಗೆ ಪರದೆ ಎಳೆದು, ಹಾಡಹಗಲಲ್ಲಿ ಹದಿನಾರು ದೀಪ ಹಚ್ಚಿದ್ದ ಕೋಣೆಯಲ್ಲಿ ಕಾರ್ಯದರ್ಶಿ ವರದಿಯನ್ನು ಮುಂದಿಟ್ಟ. 'ಮುಚ್ಚಬಹುದು' ಎಂದಿತ್ತು.

"ಇದೇನ್ರೀ ಇದು?"

"ಒಂದು ಪದ ತಾನೇ ಮೇಡಂ. ಓದೋಕೆ ಮೆತ್ತಗಿರುತ್ತೆ."

ಅವಳು ಚೀಲದಿಂದ ಒಂದು ಕಾಗದ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ವಿಶ್ವವಿದ್ಯಾಲಯದ ನೋಟೀಸು: ಮೂವತ್ತನೇ ತಾರೀಕಿನೊಳಗೆ ಕೊಠಡಿ ಖಾಲಿ ಮಾಡತಕ್ಕದ್ದು.

"ನನ್ನ ಮುರುಕು ಕುರ್ಚಿ ಎತ್ತಿಸೋಕೆ ತಕ್ಕದ್ದು, ಅಷ್ಟೆತ್ತರದ ಚಿಮಣಿ ಮುಚ್ಚೋಕೆ ಬಹುದಾ? ತಿದ್ದಿ. ಇಲ್ಲ ಅಂದ್ರೆ ಸಹಿ ಹಾಕಲ್ಲ."

ಅಧ್ಯಕ್ಷರು ಗಡಿಯಾರ ನೋಡಿದರು. "ಅವರ ಪದ ಹಾಕಿಬಿಡ್ರೀ, ಊಟಕ್ಕೆ ಹೊತ್ತಾಯ್ತು."

ಹಾಳೆ ಮತ್ತೆ ಅಚ್ಚಾಗಿ ಬಂತು. ಅವಳು ಪೆನ್ನಿನ ಮುಚ್ಚಳ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದಳು: 'ಸಾಧ್ಯವಾದಲ್ಲಿ ಮುಚ್ಚತಕ್ಕದ್ದು.'

"ನೀವು ಕೇಳಿದ ಪದ ಇದೆಯಲ್ಲ ಮೇಡಂ," ಎಂದು ಕಾರ್ಯದರ್ಶಿ ಹಲ್ಲು ಕಿರಿದ.

ಅವಳು ಸಹಿ ಹಾಕದೆ ಪೆನ್ನಿನ ಮುಚ್ಚಳ ತಿರುಗಿಸಿ ಎದ್ದು ಬಂದಳು. ಒಪ್ಪದ ಸದಸ್ಯರು ಬರೆದುಕೊಟ್ಟ ಟಿಪ್ಪಣಿಯನ್ನು ವರದಿಯ ಜೊತೆಗೇ ಅಚ್ಚುಮಾಡತಕ್ಕದ್ದು ಎಂಬ ನಿಯಮವಿತ್ತು. ಪುಣ್ಯಕ್ಕೆ ಅಲ್ಲಿ 'ತಕ್ಕದ್ದು' ಇನ್ನೂ ಜೀವಂತವಾಗಿತ್ತು. ತನ್ನ ಕೊಠಡಿಯಲ್ಲಿ ಕೂತು ಟಿಪ್ಪಣಿಯ ನಾಲ್ಕನೇ ಹಾಳೆಗೆ ಬರುವಾಗ ಕೊಠಡಿಗೆ ಬೀಗ ಹಾಕುವವನು ಬಂದು ಇಣುಕಿದ.

"ಮೇಡಂ, ಇವತ್ತು ಖಾಲಿ ಮಾಡಬೇಕಂತೆ."

"ಬಾಗಿಲ ಮೇಲೆ ಅಂಟಿಸಿದೀನಿ, ಓದಪ್ಪಾ."

ಅದೇ ನೋಟೀಸು. 'ಖಾಲಿ ಮಾಡತಕ್ಕದ್ದು' ಎಂಬುದಕ್ಕೆ ಮೊದಲು ಅವಳೇ ಕೆಂಪು ಶಾಯಿಯಲ್ಲಿ ದಪ್ಪಗೆ ಸೇರಿಸಿದ್ದಳು: 'ಸಾಧ್ಯವಾದಲ್ಲಿ.'

"ಅಂದ್ರೆ ಮೇಡಂ?"

"ಅಂದ್ರೆ, ಈ ಟಿಪ್ಪಣಿ ಮುಗಿಯೋತನಕ ನಂಗೆ ಸಾಧ್ಯವಾಗಲ್ಲ."